ನಾಲ್ಕನೆಯ ಡ್ರಿಪ್

"ಮುನಿಕೃಷ್ಣ... ಅನುಗೊಂಡನಹಳ್ಳಿ."

ಹೆಸರು ಕೂಗಿದ ಕವಿತ ಆಸ್ಪತ್ರೆಯ ಫೈಲಿನಲ್ಲಿದ್ದ ಊರಿನ ಹೆಸರನ್ನು ಮತ್ತೊಮ್ಮೆ ಓದಿದಳು. ಆ ಊರಿನಲ್ಲಿ ಮುನಿಕೃಷ್ಣ ಎನ್ನುವವರು ಬೀದಿಗೊಬ್ಬರು ಇರಬಹುದು. ಅವನೇ ಆಗಿರಬೇಕೆಂದೇನಿದೆ?

ಅವನೇ ಆಗಿದ್ದ.

ಕೊನೆಯ ಬೆಂಚಿನಿಂದ ಎದ್ದು ಬಂದ. ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು. ಎಡಗಿವಿಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಗಂಟು. ಅವನ ಹಿಂದೆ ವೈರಿನ ಬುಟ್ಟಿ ಹಿಡಿದುಕೊಂಡು ಅವನ ತಾಯಿ ಸೊಣ್ಣಮ್ಮ.

ಮೂವರೂ ಒಬ್ಬರನ್ನೊಬ್ಬರು ಗುರುತಿಸಿದರು. ಮೂವರೂ ಗುರುತಿಲ್ಲದವರಂತೆ ಕೂತರು.

ಹತ್ತು ತಿಂಗಳ ಹಿಂದೆ, ತೊಂಬತ್ತನೇ ಇಸವಿಯ ಶ್ರಾವಣದಲ್ಲಿ, ಇದೇ ತಾಯಿ ಮಗ ಸೂಲಿಬೆಲೆಯ ಕವಿತಳ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಹುಡುಗ ಊರಿನ ಹಾಲಿನ ಸೊಸೈಟಿಯ ಸೆಕ್ರೆಟರಿ, ಒಳ್ಳೆಯವನು ಎಂದು ಮದುವೆ ದಲ್ಲಾಳಿ ಅಪ್ಪಯ್ಯಣ್ಣ ಹೊಗಳಿದ್ದೇ ಹೊಗಳಿದ್ದು. ಹುಡುಗ ಕೇಳಿದ್ದು ಒಂದೇ ಮಾತು: "ಏನೇನು ಓದೋಕೆ ಇಷ್ಟ ನಿಮಗೆ?"

"ಎಲ್ಲಾ," ಎಂದು ಕವಿತ ನೆಲಕ್ಕೆ ಹೇಳಿದ್ದಳು. ಅವನು ನಕ್ಕಿದ್ದ. ಹೀಯಾಳಿಸುವ ನಗುವಲ್ಲ, ಇನ್ನೊಂದು ಮಾತು ಕೇಳಲೋ ಬೇಡವೋ ಎಂದು ಅನುಮಾನಿಸುವವನ ನಗು. ಅವತ್ತು ಸಂಜೆ ಅವಳ ದಿನಚರಿಯಲ್ಲಿ ಆ ನಗುವಿಗೆ ಮೂರು ಪುಟ ಸಂದಿದ್ದವು.

ನಾಲ್ಕನೇ ದಿನ ಅಪ್ಪಯ್ಯಣ್ಣ ಅಂಗಳದಲ್ಲೇ ನಿಂತು ಹೇಳಿದ. "ಹುಡುಗಿ ಬಾಯೇ ಬಿಡಲ್ಲ, ಮೂಗಿ ಇದ್ದಂಗವ್ಳೆ, ನಮಗೆ ಬ್ಯಾಡ ಅಂದ್ಬಿಟ್ರು ಮೇಷ್ಟ್ರೇ."

ಅಪ್ಪ ನರಸಿಂಹಯ್ಯ ಮೇಷ್ಟ್ರು ಅವನನ್ನು ಬೀದಿಯವರೆಗೆ ಕಳಿಸಿ ಬಂದರು. ಬಾಗಿಲ ಹಿಂದೆ ನಿಂತಿದ್ದ ಕವಿತ ಎಲ್ಲವನ್ನೂ ಕೇಳಿಸಿಕೊಂಡಳು. ಮೊದಲೇ ಮಾತು ಕಡಿಮೆ. ಆಮೇಲೆ ಇನ್ನೂ ಕಡಿಮೆಯಾಯಿತು. ಬಿ.ಎ. ಮುಗಿಸಿದವಳು ಮನೆಯಲ್ಲಿ ಕೂತು ಕೊರಗುವುದನ್ನು ನೋಡಲಾರದೆ ಅಪ್ಪನೇ ಹಳೆಯ ಶಿಷ್ಯನೊಬ್ಬನಿಗೆ ಹೇಳಿ ಬೆಂಗಳೂರಿನ ಈ ಆಸ್ಪತ್ರೆಯಲ್ಲಿ ತಾತ್ಕಾಲಿಕ ಕೆಲಸ ಕೊಡಿಸಿದ್ದರು. ಹೊಸ ಔಷಧಿಯ ಪ್ರಯೋಗಕ್ಕೆ ಒಪ್ಪುವ ರೋಗಿಗಳಿಗೆ ಕಾಗದಪತ್ರಗಳನ್ನು ಕನ್ನಡದಲ್ಲಿ ತಿಳಿಸುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು.

'ಬೇರೆ ಯಾರನ್ನಾದರೂ ಕರೆಯಲೇ?' ಎಂದುಕೊಂಡಳು. ಬೇರೆ ಯಾರೂ ಇರಲಿಲ್ಲ.

"ಇದು ಇನ್ನೂ ಪರೀಕ್ಷೆಯಲ್ಲಿರೋ ಔಷಧಿ," ಕವಿತ ಕಾಗದದಿಂದ ಕಣ್ಣೆತ್ತದೆ ಶುರು ಮಾಡಿದಳು. "ವಾಸಿ ಆಗೇ ಆಗುತ್ತೆ ಅಂತ ಮಾತು ಕೊಡೋಕಾಗಲ್ಲ. ಏಳು ತಿಂಗಳ ಹಿಂದೆ ನಿಮ್ಮ ಕತ್ತಿಂದ ಒಂದು ಗಂಟು ತೆಗೆದಿದ್ರಲ್ಲ, ಅದನ್ನ ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಿದ್ರು. ಅದರ ಅಂಶ ಇಲಿಗಳಿಗೆ ಚುಚ್ಚಿದ್ರು. ಅದನ್ನ ಎದುರಿಸೋಕೆ ಇಲಿಯ ಮೈ ಏನು ತಯಾರು ಮಾಡ್ತೋ, ಅದನ್ನ ಬೆಳೆಸಿ ಈ ಔಷಧಿ ಮಾಡಿದ್ದಾರೆ. ಪ್ರತಿಕಾಯ ಅಂತಾರೆ."

"ಇಲಿಯಿಂದ್ಲಾ?" ಸೊಣ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಮ್ಮನೇಲಿ ಇಲಿ ಬಾಯಿ ಹಾಕಿದ ರಾಗೀನೂ ದನಕ್ಕೆ ಹಾಕ್ತೀವಿ."

"ಸುಮ್ನಿರಮ್ಮ. ಗಣಪ್ಪನೇ ಅದರ ಮೇಲೆ ಕೂತವ್ನೆ, ನಾನ್ಯಾವನು," ಎಂದ ಮುನಿಕೃಷ್ಣ.

"ಈ ಔಷಧಿ ನಿಮ್ಮ ಕಾಯಿಲೆಯೊಂದನ್ನೇ ಗುರುತು ಹಿಡಿಯೋದು," ಕವಿತ ಮುಂದುವರಿಸಿದಳು. "ನಿಮಗೆ ಅಂತ ಮಾಡಿದ್ದು ಬೇರೆ ಯಾರಿಗೂ ಆಗಲ್ಲ."

ಅವನು ಸ್ವಲ್ಪ ಯೋಚಿಸಿದ. "ಸಂಜೆ ದನ ಮನೆಗೆ ಬಂದಾಗ, ಬಿಟ್ಟ ಕರು ನೂರು ಹಸು ಮಧ್ಯೆ ನುಗ್ಗಿ ತನ್ನ ತಾಯಿ ಹತ್ರಾನೇ ಓಡುತ್ತಲ್ಲ. ಹಂಗೆ ಅನ್ನಿ."

ಕವಿತ ಮೊದಲ ಬಾರಿಗೆ ತಲೆಯೆತ್ತಿ ನೋಡಿದಳು. ದೊಡ್ಡ ಡಾಕ್ಟರು ಮುತ್ತಮ್ಮನವರೇ ಎರಡು ದಿನ ಕೂತು ಅವಳಿಗೆ ಅರ್ಥ ಮಾಡಿಸಿದ್ದನ್ನು ಅವನು ಒಂದು ಉಸಿರಿನಲ್ಲಿ ಹೇಳಿಬಿಟ್ಟಿದ್ದ.

"ಹಂಗೇ," ಎಂದಳು. ಆಮೇಲೆ ಕೊನೆಯ ಪುಟ ಓದಿದಳು. ವಾರಕ್ಕೊಂದರಂತೆ ನಾಲ್ಕು ಮಂಗಳವಾರ ನಾಲ್ಕು ಡ್ರಿಪ್. ನಾಲ್ಕೂ ಮುಗಿಯಬೇಕು. ಅಲ್ಲಿಯವರೆಗೆ ಬೇರೆ ಔಷಧಿ ಕೂಡದು, ನಾಟಿ ಔಷಧಿಯೂ ಕೂಡದು. ಜ್ವರ ಇದ್ದರೆ ಡ್ರಿಪ್ ಇಲ್ಲ.

ಮುನಿಕೃಷ್ಣ ಸಹಿ ಹಾಕಿದ. ಸೊಣ್ಣಮ್ಮ ಹೆಬ್ಬೆಟ್ಟು ಒತ್ತಿದರು.

* * *

ಮೊದಲ ಡ್ರಿಪ್ ಏರಿದ ಗಂಟೆಯೊಳಗೆ ಅವನಿಗೆ ನಡುಕ ಬಂತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಹೀಗಾಗುವುದು ಗೊತ್ತಿದ್ದದ್ದೇ ಎಂದು ಡಾಕ್ಟರ್ ಮುತ್ತಮ್ಮ ಇಂಜೆಕ್ಷನ್ ಕೊಟ್ಟು, ಡ್ರಿಪ್ಪಿನ ವೇಗ ತಗ್ಗಿಸಿ ಹೋದರು.

ಕವಿತಳ ಕೆಲಸ ಅರ್ಧ ಗಂಟೆಗೊಮ್ಮೆ ಒಂಬತ್ತು ಪ್ರಶ್ನೆ ಕೇಳುವುದು. ಚಳಿ ಇದೆಯಾ? ಉಸಿರು ಕಟ್ಟುತ್ತಾ? ತುರಿಕೆ? ತಲೆನೋವು? ಎದೆನೋವು? ಕೇಳಿ ಬರೆಯುವುದು. ಮತ್ತೆ ಅರ್ಧ ಗಂಟೆಗೆ ಅದೇ.

ಹೀಗೆ ಆರು ತಾಸು ಕಳೆಯುವ ಹೊತ್ತಿಗೆ ನಡುಕ ಇಳಿದಿತ್ತು. ಸೊಣ್ಣಮ್ಮ ಕಾಫಿ ತರಲು ಕೆಳಗೆ ಹೋಗಿದ್ದರು.

"ನೂರಾ ಎಂಟು," ಎಂದ ಅವನು.

"ಏನು?"

"ಒಂಬತ್ತು ಪ್ರಶ್ನೆ, ಹನ್ನೆರಡು ಸಲ. ಅಷ್ಟೋತ್ತರ ಮುಗಿಸಿದ್ರಿ. ಇನ್ನು ಮಂಗಳಾರತಿ ಒಂದು ಬಾಕಿ."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೇ ಸಿಟ್ಟೂ ಬಂತು. ಹತ್ತು ತಿಂಗಳಿಂದ ಎದೆಯಲ್ಲಿ ಕೂತಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ಮೂಗಿ ಅಂದಿದ್ರಲ್ಲ. ಮೂಗಿಗಳು ಇಷ್ಟು ಪ್ರಶ್ನೆ ಕೇಳ್ತಾರಾ?"

"ಯಾರು ಅಂದಿದ್ದು?"

"ನೀವೇ. ಅಪ್ಪಯ್ಯಣ್ಣನ ಹತ್ರ ಹೇಳಿ ಕಳಿಸಿದ್ರಲ್ಲ, ಹುಡುಗಿ ಬೇಡ ಅಂತ."

ಅವನು ದಿಂಬಿನಿಂದ ತಲೆ ಎತ್ತಿದ. "ಕವಿತಾ ಅವರೇ... ಬೇಡ ಅಂದಿದ್ದು ನೀವಲ್ವಾ? ಹುಡುಗನ ಕತ್ತಲ್ಲಿ ಗಂಟು ನೋಡಿ ಹುಡುಗಿ ಹೆದರ್ಕೊಂಡವ್ಳೆ ಅಂತ ಅಪ್ಪಯ್ಯಣ್ಣ ನಮಗೆ ಹೇಳ್ದ."

ಡ್ರಿಪ್ಪಿನ ಕೊನೆಯ ಹನಿಗಳು ಒಂದೊಂದಾಗಿ ಬೀಳುತ್ತಿದ್ದವು.

"ಅಮ್ಮಂದೇ ಕೆಲಸ," ಎಂದ ಅವನು, ತನ್ನಷ್ಟಕ್ಕೇ. "ನಿಮ್ಮನೆಗೆ ಬಂದ ಮೂರನೇ ದಿನ ಈ ಗಂಟು ಕ್ಯಾನ್ಸರ್ ಅಂತ ಗೊತ್ತಾಯ್ತು. ಗಂಡಿಗೇ ಇಂಥ ರೋಗ ಅಂತ ಹಬ್ಬಿದ್ರೆ ನನ್ನ ತಂಗಿ ಮದುವೆ ನಿಲ್ಲುತ್ತೆ. ಹೆಣ್ಣೇ ಸರಿಯಿಲ್ಲ ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ... ಅಮ್ಮನ್ನ ಏನೂ ಕೇಳ್ಬೇಡಿ. ದಯವಿಟ್ಟು."

ಕವಿತ ಕೇಳಲಿಲ್ಲ. ಆದರೆ ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ, ಕಿಟಕಿಗೆ ತಲೆ ಆನಿಸಿ, ಯಾರಿಗೂ ಕಾಣದಂತೆ ಅತ್ತಳು. ದುಃಖಕ್ಕೋ ಸಂತೋಷಕ್ಕೋ ಅವಳಿಗೇ ತಿಳಿಯಲಿಲ್ಲ. ಅವನು ಬೇಡ ಅಂದಿರಲಿಲ್ಲ!

* * *

ಎರಡನೆಯ ಡ್ರಿಪ್ಪಿಗೆ ನಡುಕ ಕಡಿಮೆ. ಗಂಟು ನೆಲ್ಲಿಕಾಯಿಯಷ್ಟಾಗಿತ್ತು.

ಮೂರನೆಯದಕ್ಕೆ ಬಂದಾಗ ಕಡಲೆಕಾಳಿನಷ್ಟು. ಡಾಕ್ಟರ್ ಮುತ್ತಮ್ಮ ಬೆರಳಿನಿಂದ ಒತ್ತಿ ನೋಡಿ, ಸ್ಕೇಲು ಇಟ್ಟು ಅಳೆದು, ಮತ್ತೊಮ್ಮೆ ಅಳೆದರು. "ಇನ್ನೊಂದು ಡ್ರಿಪ್ ಹೋಗಲಿ, ಆಮೇಲೆ ಮಾತಾಡೋಣ," ಎಂದರು. ಅವರ ಕಣ್ಣು ಮಾತ್ರ ಆಗಲೇ ಮಾತಾಡಿಬಿಟ್ಟಿತ್ತು.

ಅವತ್ತು ಮುನಿಕೃಷ್ಣ ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ತಂದಿದ್ದ.

"ನಮ್ಮ ಗೌರಿ ಈದೈತೆ. ತಿಂದು ನೋಡಿ. ಬೆಲ್ಲ ಒಂಚೂರು ಜಾಸ್ತಿ ಆಗಿರ್ಬೋದು, ನಾನೇ ಮಾಡಿದ್ದು."

"ಗಂಡಸರು ಗಿಣ್ಣು ಮಾಡ್ತಾರಾ?"

"ಹಾಲು ಅಳೆಯೋನು ನಾನು, ಕುದಿಸೋಕೆ ಬರಲ್ವಾ?"

ಬೆಲ್ಲ ನಿಜಕ್ಕೂ ಜಾಸ್ತಿಯಾಗಿತ್ತು. ಕವಿತ ಡಬ್ಬಿ ಪೂರ್ತಿ ಖಾಲಿ ಮಾಡಿದಳು.

ಸಂಜೆ ಮೂವರೂ ಒಂದೇ ಬಸ್ಸಿನಲ್ಲಿ ಹೊಸಕೋಟೆಗೆ ಬಂದಿಳಿದರು. ಅಲ್ಲಿಂದ ಅವಳ ಬಸ್ಸು ಒಂದು ಕಡೆಗೆ, ಅವರದ್ದು ಇನ್ನೊಂದು ಕಡೆಗೆ. ನಿಲ್ದಾಣದ ಗದ್ದಲದಲ್ಲಿ ಸೊಣ್ಣಮ್ಮ ಮಗನ ಕತ್ತು ಸವರುತ್ತಾ ಹೇಳಿದರು:

"ಇಷ್ಟೇ ಇಷ್ಟು ಉಳಕಂಡೈತೆ. ಆಂಜಿನಪ್ಪನ ಕರೆಸಿ ಅರಿಶಿನ ಕೊಂಬಲ್ಲಿ ಬರೆ ಎಳೆಸಿಬಿಡ್ತೀನಿ. ಬೇರು ಸುಟ್ಟೋದ್ರೆ ಮತ್ತೆ ಚಿಗುರಲ್ಲ."

"ದನಕ್ಕೆ ಬರೆ ಹಾಕೋನು ಕಣಮ್ಮ ಅವ್ನು."

"ನಿಮ್ಮಪ್ಪನ ಕಾಮಾಲೆ ಓಡ್ಸಿದ್ದೂ ಅವ್ನೇ ಕಣ್ಲಾ."

ಮುನಿಕೃಷ್ಣ ಕವಿತಳ ಕಡೆ ತಿರುಗಿದ. "ನೀವೇನಂತೀರ? ಹಾಕಿಸ್ಕೊಳ್ಲಾ?"

ಬೇಡ. ಒಂದೇ ಮಾತು. ಅವಳೇ ಓದಿ ಹೇಳಿದ ನಿಯಮ. ನಾಲಿಗೆಯ ತುದಿಗೇ ಬಂದಿತ್ತು...

"ಅವ್ರನ್ನೇನು ಕೇಳ್ತೀಯ?" ಸೊಣ್ಣಮ್ಮ ಅಂದರು. "ಅವ್ರೇನು ನಮ್ಮನೆಯೋರಾ?"

ಆ ಮಾತಿನಲ್ಲಿ ಕಹಿ ಇರಲಿಲ್ಲ. ಮಗ ಬದುಕುತ್ತಾನೆ ಎನ್ನುವ ಸಂತೋಷದಲ್ಲಿ ಸುಮ್ಮನೆ ಆಡಿದ ಮಾತು. ಆದರೂ ಕವಿತ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. 'ಹೌದು, ನಾನ್ಯಾರು? ತಾಯಿಯ ಎದುರಿಗೆ ನಿಂತು ಬೇಡ ಎನ್ನಲು ನನಗೇನು ಹಕ್ಕು?' ಅಷ್ಟರಲ್ಲಿ ಸೂಲಿಬೆಲೆಯ ಬಸ್ಸು ಬಂತು. ಜನ ನುಗ್ಗಿದರು. ಅವಳೂ ಹತ್ತಿದಳು.

'ಅವನು ಓದಿದವನು. ಹಾಕಿಸಿಕೊಳ್ಳುವುದಿಲ್ಲ,' ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡಳು. ಮನೆಗೆ ಬಂದು ದಿನಚರಿ ತೆಗೆದು ಬರೆದಳು: 'ಬೇಡ ಎನ್ನಬೇಕಿತ್ತು.' ಕೆಳಗೆ ಮತ್ತೊಮ್ಮೆ ಬರೆದಳು.

ಹೋಗಬೇಕಾದ ಕಡೆ ಆ ಮಾತು ಹೋಗಲೇ ಇಲ್ಲ.

* * *

ನಾಲ್ಕನೆಯ ಮಂಗಳವಾರ ಮುನಿಕೃಷ್ಣ ಕತ್ತಿಗೆ ಟವೆಲು ಸುತ್ತಿಕೊಂಡು ಬಂದ.

ಟವೆಲು ಬಿಚ್ಚುವ ಮುಂಚೆಯೇ ಕವಿತಳಿಗೆ ವಾಸನೆ ಬಂತು. ಸುಟ್ಟ ಅರಿಶಿನ, ಬೇವಿನೆಣ್ಣೆ, ಅದರ ಕೆಳಗೆ ಕೀವು. ಕಿವಿಯ ಕೆಳಗೆ ಮೂರು ಗೆರೆ ಬಾತುಕೊಂಡು ಒಂದಾಗಿದ್ದವು. ಜ್ವರ ನೂರಾ ಮೂರು.

ಡಾಕ್ಟರ್ ಮುತ್ತಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಈ ಜ್ವರದಲ್ಲಿ ಕೊಡೋಕಾಗಲ್ಲ. ಮೊದಲು ಗಾಯ ಮಾಗಬೇಕು." ಗಾಯ ಒರೆಸುತ್ತಾ ಕೇಳಿದರು, "ಹಾಕಿಸೋಕೆ ಮುಂಚೆ ನಮ್ಮಲ್ಲಿ ಯಾರನ್ನೂ ಕೇಳಲಿಲ್ವಾ?"

ಸೊಣ್ಣಮ್ಮ ಗೋಡೆ ನೋಡುತ್ತಿದ್ದರು. ಮುನಿಕೃಷ್ಣ, "ಇಲ್ಲ ಡಾಕ್ಟ್ರೇ, ಯಾರನ್ನೂ ಕೇಳಲಿಲ್ಲ," ಎಂದ.

ಫೈಲು ಹಿಡಿದು ನಿಂತಿದ್ದ ಕವಿತಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆಗಲೂ ಅವಳು ಮಾತಾಡಲಿಲ್ಲ.

ಗಾಯ ಮಾಗಲು ಮೂರು ವಾರ ಹಿಡಿಯಿತು. ಆ ಹೊತ್ತಿಗೆ ಕಂಕುಳಲ್ಲಿ ಇನ್ನೊಂದು ಗಂಟು ಎದ್ದಿತ್ತು. ಅದರ ಚೂರು ತೆಗೆದು ಪರೀಕ್ಷೆ ಮಾಡಿದರು. ಔಷಧಿ ಅದಕ್ಕೆ ಅಂಟಲೇ ಇಲ್ಲ.

"ರೋಗ ಮುಖ ಬದಲಾಯಿಸಿದೆ ಕವಿತ," ಡಾಕ್ಟರ್ ಮುತ್ತಮ್ಮ ತಮ್ಮ ಕೋಣೆಯಲ್ಲಿ ಹೇಳಿದರು. "ನಮ್ಮ ಔಷಧಿಗೆ ಗೊತ್ತಿರೋದು ಹಳೇ ಮುಖ. ಇದನ್ನ ಅದು ಗುರುತೇ ಹಿಡಿಯಲ್ಲ. ಹೊಸದು ಮಾಡೋಕೆ ಮತ್ತೆ ಏಳೆಂಟು ತಿಂಗಳು ಬೇಕು. ಅಷ್ಟು ಸಮಯ ಇಲ್ಲ."

"ಬರೆ ಹಾಕಿದ್ದಕ್ಕಾ ಮೇಡಂ?"

"ಗೊತ್ತಿಲ್ಲ. ನಾಲ್ಕನೇದು ಹೋಗಿದ್ರೂ ಹೀಗೇ ಆಗ್ತಿತ್ತೇನೋ. ಹಾಗಲ್ಲ ಅಂತಾನೂ ಹೇಳಲಾರೆ. ನಮಗೆ ಗೊತ್ತಿಲ್ಲ ಅಂತಲೇ ಇದನ್ನ ಪ್ರಯೋಗ ಅನ್ನೋದು."

"ಎಷ್ಟು ದಿನ..."

"ಐದು ತಿಂಗಳು. ಹೆಚ್ಚಂದ್ರೆ ಆರು. ನೋವಾಗದ ಹಾಗೆ ನೋಡ್ಕೋಬಹುದು. ಬರ್ಕೋ."

ಅವಳು ಬರೆದುಕೊಂಡಳು. ಮಾರನೆಯ ದಿನ ನಾಲ್ಕನೆಯ ಡ್ರಿಪ್ಪಿನ ಸೀಸೆಯನ್ನು ಫ್ರಿಜ್ಜಿನಿಂದ ತೆಗೆದು, ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ 'ಬಳಸಿಲ್ಲ' ಎಂದು ಬರೆಯುವ ಕೆಲಸವೂ ಅವಳ ಪಾಲಿಗೇ ಬಂತು. ಹೆಬ್ಬೆರಳಿನಷ್ಟು ಉದ್ದದ ಸೀಸೆ. ಲೋಕದಲ್ಲಿ ಒಬ್ಬನೇ ಒಬ್ಬನಿಗಾಗಿ ಮಾಡಿದ್ದು. ಈಗ ಅವನಿಗೂ ಬೇಡವಾಗಿತ್ತು.

ಅಂಗೈಯಲ್ಲಿ ಅದು ತಣ್ಣಗಿತ್ತು. ಅದು ಬೆಚ್ಚಗಾಗುವವರೆಗೂ ಅವಳು ಹಿಡಿದುಕೊಂಡೇ ನಿಂತಳು.

* * *

ಶನಿವಾರ ಸಂಜೆ ಅಪ್ಪ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು.

"ಅಪ್ಪ, ನಾಳೆ ಅನುಗೊಂಡನಹಳ್ಳಿಗೆ ಹೋಗ್ತೀನಿ."

ಪೇಪರ್ ಕೆಳಗಿಳಿಯಿತು. ಕವಿತ ನಿಂತಲ್ಲೇ ಎಲ್ಲ ಹೇಳಿದಳು. ದಲ್ಲಾಳಿಯ ಸುಳ್ಳು, ಮೂರು ಡ್ರಿಪ್, ಬಸ್ ನಿಲ್ದಾಣ, ಆಡದೇ ಉಳಿದ ಮಾತು, ಐದು ತಿಂಗಳು. ಮಗಳು ಹುಟ್ಟಿದಾಗಿನಿಂದ ಇಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ಮೇಷ್ಟ್ರು ಕೇಳಿರಲಿಲ್ಲ.

"ಹೋಗಿ ಏನು ಮಾಡ್ತೀಯಮ್ಮ?"

"ಅಲ್ಲೇ ಇರ್ತೀನಿ."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಬಹಳ ಹೊತ್ತು ಒರೆಸಿದರು. ಒಬ್ಬಳೇ ಮಗಳು. ತಾಯಿಯಿಲ್ಲದೆ ಬೆಳೆದವಳು.

"ಜನ ನಿನ್ನನ್ನ ಹುಚ್ಚಿ ಅಂತಾರೆ."

"ಮೂಗಿ ಅಂದಿದ್ರು. ಅದಕ್ಕಿಂತ ವಾಸಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ಹತ್ತು ಗಂಟೆಗೆ ಬಸ್ಸು. ನಾನೂ ಬರ್ತೀನಿ. ಹೆಣ್ಣು ತಾನೇ ಹೋಗಿ ನಿಂತ್ಲು ಅನ್ನೋದು ಬೇಡ. ಅಪ್ಪ ಕರ್ಕೊಂಡು ಹೋದ ಅನ್ಲಿ."

* * *

ಹಾಲಿನ ಸೊಸೈಟಿಯ ಕಟ್ಟೆಯ ಮೇಲೆ ಮೇಷ್ಟ್ರು ಕೂತುಬಿಟ್ಟರು. "ಮೊದ್ಲು ನೀನು ಮಾತಾಡು ಹೋಗು," ಎಂದರು.

ಸೊಣ್ಣಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಕವಿತಳನ್ನು ಕಂಡು ಮೊರ ನಿಂತಿತು.

"ಬಂದ್ಯಾ ತಾಯಿ... ಬೈದು ಹೋಗೋಕೆ ಬಂದ್ಯಾ? ಬೈದ್ಬಿಡು. ನಿಂಗೆ ಮೂಗಿ ಅಂತ ಹೆಸರಿಟ್ಟೋಳು ನಾನೇ. ಅಪ್ಪಯ್ಯಣ್ಣಂಗೆ ಹೇಳ್ಕೊಟ್ಟಿದ್ದು ನಾನೇ. ಆ ಪಾಪ ಸಾಲ್ದು ಅಂತ ನನ್ನ ಕೂಸ್ನ ನಾನೇ ಸುಡ್ಸಿದೆ. ಏಳು ಜನ್ಮ ಎತ್ತಿದ್ರೂ ಕಳೆಯಲ್ಲ ಇದು..."

ಏನೇನೋ ಹೇಳಬೇಕೆಂದು ಕವಿತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಎದುರಿಗೆ ಮುದುಡಿ ಕೂತ ಆ ಜೀವವನ್ನು ನೋಡಿದ ಮೇಲೆ ಯಾವುದೂ ನೆನಪಿಗೆ ಬರಲಿಲ್ಲ.

"ಅವರೆಲ್ಲಿ, ಅತ್ತೆ?"

ಸೊಣ್ಣಮ್ಮ ಕೊಟ್ಟಿಗೆಯ ಕಡೆ ಕೈ ತೋರಿಸಿ, ಮೊರವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಮುನಿಕೃಷ್ಣ ಗೌರಿಯ ಪಕ್ಕ ಕಲ್ಲಿನ ಮೇಲೆ ಕೂತಿದ್ದ. ಕಂಕುಳ ಗಂಟಿಗೆ ತಾಗದಿರಲೆಂದು ಬಲಗೈಯನ್ನು ಮೈಯಿಂದ ದೂರ ಹಿಡಿದಿದ್ದ. ಒಂದು ತಿಂಗಳಲ್ಲಿ ಅರ್ಧ ಇಳಿದಿದ್ದ.

"ಆಸ್ಪತ್ರೆಯೋರು ಕಳಿಸಿದ್ರಾ? ಇನ್ನೂ ಪ್ರಶ್ನೆ ಉಳ್ದಿದ್ವಾ?"

"ಇಲ್ಲ. ನಾನೇ ಬಂದೆ." ಅವಳು ಗೊಂತಿನ ಕಂಬ ಹಿಡಿದುಕೊಂಡಳು. "ಅವತ್ತು ಹೊಸಕೋಟೆಲಿ ನೀವು ಕೇಳಿದಾಗ ಬೇಡ ಅನ್ನಬೇಕಿತ್ತು. ಬಾಯಿಗೆ ಬಂದಿತ್ತು. ಹೇಳಲಿಲ್ಲ. ಮನೆಗೆ ಹೋಗಿ ಪುಸ್ತಕದಲ್ಲಿ ಬರೆದೆ. ನಿಮ್ಮ ಜೀವದ ಮಾತು, ಪುಸ್ತಕದಲ್ಲಿ ಬರೆದೆ... ಡಾಕ್ಟ್ರು ಕೇಳಿದಾಗಲೂ ನೀವು ನನ್ನ ಹೆಸರು ಹೇಳಲಿಲ್ಲ."

"ಯಾಕೆ ಹೇಳ್ಲಿ? ನೀವು ಹೇಳಿದ್ರಲ್ಲ."

"ಎಲ್ಲಿ ಹೇಳ್ದೆ?"

"ನಿಮ್ಮ ಮುಖ ನೋಡ್ದೆ. ಬೇಡ ಅಂತ ಅಷ್ಟಗಲ ಕಾಣ್ತಿತ್ತು. ನಂಗೆ ತಿಳೀತು." ಅವನು ಹಸುವಿನ ಕತ್ತಿನ ಗಂಗೆದೊಗಲನ್ನು ಎಡಗೈಯಿಂದ ಸವರಿದ. "ತಿಳಿದೂ ಹೋಗಿ ಕೂತೆ. ಅಮ್ಮ ಒಂದು ವರ್ಷದಿಂದ ಏನೂ ಮಾಡೋಕಾಗ್ದೆ ನನ್ನ ಮುಖ ನೋಡ್ತಾ ಕೂತಿದ್ಲು. ಮಗನಿಗೆ ತಾನೂ ಒಂದು ಮಾಡಿದೆ ಅಂತ ಅನ್ನಿಸ್ಲಿ ಅಂತ. ಅಷ್ಟೇ. ಇದನ್ನ ನಿಮ್ಮ ತಲೆ ಮೇಲೆ ಹೊತ್ಕೊಂಡು ತಿರುಗ್ಬೇಡಿ."

ಕವಿತ ಕಂಬಕ್ಕೆ ಹಣೆಯೊತ್ತಿ ಅತ್ತಳು. ಒಂದು ತಿಂಗಳಿಂದ ಕಟ್ಟಿಟ್ಟಿದ್ದ ಅಳು. ಅವನು ತಡೆಯಲಿಲ್ಲ. ಹಸು ತಿರುಗಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕಿತು.

ಅಳು ನಿಂತ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು:

"ನನ್ನನ್ನ ಮದುವೆ ಆಗ್ತೀರಾ?"

ಅವನು ಅವಳನ್ನೇ ನೋಡಿದ. "ಎಷ್ಟು ದಿನಕ್ಕೆ, ಕವಿತಾ ಅವರೇ?"

"ನಂಗೊತ್ತು. ಡಾಕ್ಟ್ರು ಹೇಳಿದ್ದನ್ನ ಬರ್ಕೊಂಡೋಳೇ ನಾನು."

"ಆಮೇಲೆ ಏನು ಮಾಡ್ತೀರ?"

"ಅಳ್ತೀನಿ. ಈಗ ವಾಪಸ್ ಹೋದ್ರೂ ಅಳೋದೇ. ಸೂಲಿಬೆಲೇಲಿ ಕೂತ್ಕೊಂಡು ಅಳೋದಕ್ಕಿಂತ ನಿಮ್ಮನೇಲಿ ಇದ್ದು ಅಳ್ತೀನಿ."

ಅವನಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಹೊರಗೆ ಹೊಲಗಳಲ್ಲಿ ರಾಗಿ ಬಿತ್ತನೆ ನಡೆಯುತ್ತಿತ್ತು. ಆ ರಾಗಿ ತೆನೆಯೊಡೆದು ಕೊಯ್ಲಿಗೆ ಬರುವುದನ್ನು ಅವನು ಕಂಡ. ಒಕ್ಕಣೆಯ ಹೊತ್ತಿಗೆ ಇರಲಿಲ್ಲ. ಆದರೆ ಅದು ಮುಂದಿನ ಮಾತು. ಆ ಭಾನುವಾರ ಕೊಟ್ಟಿಗೆಯಲ್ಲಿ ಅವರಿಬ್ಬರೇ ಇದ್ದರು. ಅವನು ತನ್ನ ಎಡಗೈ ಚಾಚಿದ. ಅವಳು ಎರಡೂ ಕೈಯಿಂದ ಹಿಡಿದುಕೊಂಡಳು.

"ಮೇಷ್ಟ್ರಿಗೆ ಗೊತ್ತಾ?"

"ಅವರೂ ಬಂದಿದ್ದಾರೆ. ಸೊಸೈಟಿ ಕಟ್ಟೆ ಮೇಲೆ ಕೂತಿದ್ದಾರೆ."

"ಅಯ್ಯೋ, ಅಷ್ಟೊತ್ತಿಂದ ಬಿಸಿಲಲ್ಲಿ ಕೂರಿಸಿದ್ದೀಯಾ ಅವರನ್ನ? ಹೋಗು, ಕರ್ಕೊಂಡು ಬಾ."

ಅವಳು ಕೈ ಬಿಡಿಸಿಕೊಂಡು ಹೊರಟಳು. ಕೊಟ್ಟಿಗೆಯ ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ಅವನ ದನಿ ಬಂತು.

"ಕವಿತ... ಬೇಗ ಬಾ."

"ಬಂದೆ," ಎಂದಳು.